ಬಂಡೀಪುರ ಸಫಾರಿ: ಹುಲಿ ಕಾಣಬೇಕಾದರೆ ಮೊದಲು ಕಿವಿಗೊಡಿ

ಕಳೆದ ಬೇಸಿಗೆಯಲ್ಲಿ ನಮ್ಮ ಸಫಾರಿ ಬಸ್ಸಿನ ಎದುರು ಕಡವೆಯೊಂದು ಬಾಲ ಎತ್ತಿ, ಮುಂಗಾಲಿನಿಂದ ನೆಲ ಕುಟ್ಟುತ್ತಾ ಕೂಗುತ್ತಿತ್ತು. ಹಿಂದಿನ ಸೀಟಿನಲ್ಲಿ ಚಿಪ್ಸ್ ಪೊಟ್ಟಣ ಪರಪರ ಎಂದಿತು. ‘ಬರೀ ಜಿಂಕೆ, ಮುಂದೆ ಹೋಗ್ರಿ’ ಎಂದು ನಾಲ್ಕೈದು ಜನ ಕೂಗಿದರು. ಬಸ್ಸು ಹೊರಟೇಬಿಟ್ಟಿತು. ನನಗೆ ಆ ಬೇಸರ ಇನ್ನೂ ಹೋಗಿಲ್ಲ.

1. ಮಾರ್ಚ್–ಏಪ್ರಿಲ್ ಆರಿಸಿಕೊಳ್ಳಿ. ಪೊದೆಗಳು ಒಣಗಿ ಕಾಡು ಬಯಲಾಗಿರುತ್ತದೆ, ಪ್ರಾಣಿಗಳು ಕೆರೆಗೆ ಬಂದೇ ಬರುತ್ತವೆ. ಸಫಾರಿ ನಡೆಯುತ್ತಿದೆಯೇ ಎಂದು ವಿಚಾರಿಸಿ, ಮೊದಲೇ ಟಿಕೆಟ್ ಮಾಡಿಸಿ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆಯ್ಕೆಯಾದ ಮೊದಲ 9 ಕಾಡುಗಳಲ್ಲಿ ಇದೂ ಒಂದು. ಹಾಗಂತ ಒಂದೇ ಸುತ್ತಿಗೆ ಹುಲಿ ಸಿಗುತ್ತದೆ ಎಂದುಕೊಳ್ಳಬೇಡಿ. ಎರಡು ಸುತ್ತಾದರೂ ಇಟ್ಟುಕೊಳ್ಳಿ.

2. ಮಣ್ಣಿನ ಬಣ್ಣದ ಬಟ್ಟೆ, ನೀರು, ದುರ್ಬೀನು. ಸೆಂಟ್ ಬೇಡ. ದುರ್ಬೀನು 8x42 ಸಾಕು, ಅಂದರೆ 8 ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲ ಇರುವಂಥದ್ದು. ಕೆಂಪಗೆ ಹೊಳೆಯುವ ಗಾಜಿನ ಅಗ್ಗದ ದುರ್ಬೀನು ಖಂಡಿತ ಕೊಳ್ಳಬೇಡಿ, ಮಬ್ಬು ಬೆಳಕಿನಲ್ಲಿ ಅದರಲ್ಲಿ ಏನೂ ಕಾಣುವುದಿಲ್ಲ.

3. ಎಲ್ಲರೂ ಎಡವುವುದು ಇಲ್ಲೇ. ಹುಲಿಯನ್ನು ನಿಮಗಿಂತ ಮೊದಲು ನೋಡುವುದು ಜಿಂಕೆ, ಕಡವೆ, ಮುಸಿಯ (ಕಪ್ಪು ಮುಖದ ಕೋತಿ). ಅವುಗಳ ಕೂಗನ್ನು ಹಿಡಿಯಬೇಕು. ಜಿಂಕೆಯದು ಕೀರಲು ಕೂಗು, ಸಣ್ಣಪುಟ್ಟದಕ್ಕೂ ಬೆದರುತ್ತದೆ. ಒಂದೇ ಸಲ ಕೂಗಿದರೆ ನಾನು ಜಾಸ್ತಿ ನಂಬುವುದಿಲ್ಲ. ಮುಸಿಯ ಮರದ ಮೇಲಿಂದ ಗಟ್ಟಿಯಾಗಿ ಕೆಮ್ಮಿದ ಹಾಗೆ ಕೂಗುತ್ತದೆ. ಆಗ ಮರದ ಬುಡ ಹುಡುಕಬೇಡಿ, ಅದರ ಮುಖ ಯಾವ ಕಡೆಗಿದೆ ನೋಡಿ. ಕಡವೆ ‘ಢಾಂಕ್’ ಎಂದು ಮತ್ತೆ ಮತ್ತೆ ಕೂಗಿದರೆ ಹುಲಿಯೋ ಚಿರತೆಯೋ ಸೀಳುನಾಯಿಯೋ ಹತ್ತಿರವಿದೆ ಎಂದೇ ತಿಳಿಯಿರಿ.

ಆಗ ಇಂಜಿನ್ ಆಫ್ ಮಾಡಲು ಕೇಳಿಕೊಳ್ಳಿ. ಫೋನ್ ಸೈಲೆಂಟ್ ಮಾಡಿ. ಎದ್ದು ನಿಲ್ಲಬೇಡಿ. ಕೂಗು ನಿಂತರೂ ಹದಿನೈದು ನಿಮಿಷ ಕಾಯಿರಿ. ಕೂಗು ನಿಂತಿತು ಅಂದರೆ ಹುಲಿ ಹೋಯಿತು ಅಂತಲ್ಲ, ಪೊದೆಯಲ್ಲಿ ಮಲಗಿರಬಹುದು. ಇನ್ನೊಂದು ಕಡೆ ಕೂಗು ಶುರುವಾದರೆ ಅದು ಆ ಕಡೆ ನಡೆಯುತ್ತಿದೆ, ಅಲ್ವಾ?

ಕಾಯುವಾಗ ದಾರಿಯ ಧೂಳನ್ನೂ ನೋಡಿ. ಹುಲಿಯ ಹೆಜ್ಜೆಯಲ್ಲಿ ನಾಲ್ಕು ಬೆರಳು, ಹಿಂದೆ ಅಗಲದ ಅಂಗಾಲು. ಉಗುರಿನ ಗುರುತು ಇರುವುದಿಲ್ಲ. ಉಗುರು ಮೂಡಿದ್ದರೆ ಸಾಮಾನ್ಯವಾಗಿ ಅದು ಸೀಳುನಾಯಿಯದು. ಅಂಚು ಚೂಪಾಗಿದ್ದು, ಮೇಲೆ ಎಲೆ, ಟೈರ್ ಗುರುತು ಯಾವುದೂ ಇಲ್ಲದಿದ್ದರೆ ಹೆಜ್ಜೆ ಹೊಸದು.

4. ಹುಲಿ ಕಂಡಾಗ ‘ಹುಲಿ, ಹುಲಿ’ ಎಂದು ಕೂಗಬೇಡಿ. ಮೊದಲ ಒಂದು ನಿಮಿಷ ಕಣ್ಣಿನಿಂದ ನೋಡಿ, ಆಮೇಲೆ ಫೋಟೊ. ಫ್ಲಾಶ್ ಬೇಡವೇ ಬೇಡ. ಅಡ್ಡಹಾಕಿ, ಹತ್ತಿರ ಹೋಗಿ ಎಂದು ಡ್ರೈವರನ್ನು ಒತ್ತಾಯಿಸುವುದು ತಪ್ಪು. ಅದು ದಾರಿ ದಾಟಲು ಜಾಗ ಬಿಡಿ.

5. ವಾಪಸು ಬರುವಾಗ ಹೆದ್ದಾರಿಯಲ್ಲಿ ಕಾರು ನಿಲ್ಲಿಸಬೇಡಿ, ಕೋತಿಗಳಿಗೆ ಏನನ್ನೂ ಹಾಕಬೇಡಿ. ಸಂಜೆ ಸಫಾರಿ ಮುಗಿಸಿ ಊಟಿಗೆ ಹೊರಡುವವರು ತಡಮಾಡಬೇಡಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆಯಲ್ಲಿ ನಿಮ್ಮ ಗಾಡಿ ಬಿಡುವುದಿಲ್ಲ. ತಡವಾಯಿತೆಂದರೆ ಸುಮ್ನೆ ಗುಂಡ್ಲುಪೇಟೆಗೆ ಹಿಂತಿರುಗಿ ಅಲ್ಲೇ ಉಳಿದುಕೊಳ್ಳಿ.