ಕುತ್ತಿಗೆಗೆ ಕೊನೆಯ ಸರದಿ

ಮರಣೋತ್ತರ ಪರೀಕ್ಷೆಗೆ ಬಂದ ಹೆಣದ ಜೊತೆಗಿನ ಪೊಲೀಸರ ಪಂಚನಾಮೆಯಲ್ಲಿ ‘ನೇಣು’ ಅಂತ ಬರೆದಿದ್ದರೂ ನಾನು ಅದನ್ನು ಮಾಹಿತಿ ಅಂತಷ್ಟೇ ಓದಿಕೊಳ್ಳುತ್ತೇನೆ. ಹಗ್ಗ ಕತ್ತಿನಲ್ಲೇ ಇದ್ದರೆ ಗಂಟು ಬಿಚ್ಚುವುದಿಲ್ಲ. ಗಂಟಿನಿಂದ ದೂರದಲ್ಲಿ ಕತ್ತರಿಸಿ, ತುದಿಗಳನ್ನು ದಾರದಿಂದ ಕಟ್ಟಿ ಮೊಹರು ಹಾಕಿಸುತ್ತೇನೆ. ಕೋಲಾರದ ಹಳ್ಳಿಗಳಿಂದ ಬರುವಾಗ ಬಹಳ ಸಲ ಮನೆಯವರೇ ಅದನ್ನು ಬಿಚ್ಚಿ ಎಸೆದಿರುತ್ತಾರೆ. ಪೊಲೀಸರಿಗೆ ಹೇಳಿ ತರಿಸಿ, ಅಗಲ ಮತ್ತು ಹೆಣಿಗೆಯನ್ನು ಕತ್ತಿನ ಗುರುತಿನ ಜೊತೆ ಹೋಲಿಸಬೇಕು.

ಮುಖ ಒರೆಸುವ ಮುಂಚೆ ಬಾಯಿಯ ಅಂಚು ನೋಡಿ. ಗಂಟಿನ ಎದುರು ಬದಿಯಲ್ಲಿ ಜೊಲ್ಲು ನೇರವಾಗಿ ಕೆಳಗಿಳಿದು ಒಣಗಿದ್ದರೆ, ಜೀವ ಇದ್ದಾಗಲೇ ನೇತಾಡಿದ್ದಕ್ಕೆ ಅದು ಒಳ್ಳೆಯ ಸುಳಿವು. ಒದ್ದೆ ಬಟ್ಟೆಯ ಒಂದು ಒರೆತಕ್ಕೆ ಹೋಗಿಬಿಡುತ್ತದೆ.

ಗುರುತಿನ ಉದ್ದ, ಅಗಲ, ಗದ್ದದಿಂದ ಮತ್ತು ಎರಡೂ ಕಿವಿಯ ಹಿಂದಿನ ಮೂಳೆಯಿಂದ ಎಷ್ಟು ದೂರ ಎಂಬುದನ್ನು ಸೆಂಟಿಮೀಟರಿನಲ್ಲಿ ಬರೆಯುತ್ತೇನೆ. ನೇಣಿನ ಗುರುತು ಸಾಮಾನ್ಯವಾಗಿ ಥೈರಾಯ್ಡ್ ಮೃದ್ವಸ್ಥಿಗಿಂತ (ಗಂಟಲಿನ ಮುಂದಿನ ಉಬ್ಬು) ಮೇಲೆ, ಓರೆಯಾಗಿ ಏರಿ ಗಂಟಿನ ಹತ್ತಿರ ಮಾಯವಾಗುತ್ತದೆ. ಬಿಗಿದು ಕೊಂದಿದ್ದರೆ ಅಡ್ಡವಾಗಿ, ಸುತ್ತಲೂ, ಹೆಚ್ಚಾಗಿ ಕೆಳಗೆ ಇರುತ್ತದೆ. ‘ಸಾಮಾನ್ಯವಾಗಿ’ ಎಂಬುದನ್ನು ಮರೆತವರು ಕೋರ್ಟಿನ ಪಾಟೀಸವಾಲಿನಲ್ಲಿ ಸಿಕ್ಕಿಬೀಳುತ್ತಾರೆ. ಹೊಲದಲ್ಲಿ ಬಿದ್ದಿದ್ದ ಹೆಣದ ಕತ್ತಿನ ಮಡಿಕೆಯಲ್ಲಿ ಇರುವೆ ಕಡಿದ ಕಂದು ಗೆರೆಯೂ ಹಗ್ಗದ ಗುರುತಿನಂತೆಯೇ ಕಾಣುತ್ತದೆ. ಭೂತಗನ್ನಡಿಯಲ್ಲಿ ಅಂಚು ಹಲ್ಲುಹಲ್ಲಾಗಿರುತ್ತದೆ, ಅಡಿಯಲ್ಲಿ ರಕ್ತ ಇಳಿದಿರುವುದಿಲ್ಲ.

ಇನ್ನು ಹೆಣ ಕೊಯ್ಯುವುದು. ಮೊದಲು ತಲೆಬುರುಡೆ ತೆರೆದು ಮಿದುಳು ತೆಗೆದು, ಆಮೇಲೆ ಎದೆ ತೆರೆದು ಹೃದಯ, ಶ್ವಾಸಕೋಶ ತೆಗೆದು ರಕ್ತ ಬಸಿಯಲು ಬಿಡುತ್ತೇನೆ. ಕತ್ತು ಕೊನೆಗೆ. ಭುಜದ ಕೆಳಗೆ ಮರದ ದಿಮ್ಮಿ ಇಟ್ಟು, ಚರ್ಮ, ಆಮೇಲೆ ಒಂದೊಂದೇ ಸ್ನಾಯು. ರಕ್ತ ತುಂಬಿರುವಾಗಲೇ ಕುತ್ತಿಗೆಗೆ ಕೈ ಹಾಕಿದರೆ ಸಿರೆಗಳಿಂದ ಸೋರಿದ ರಕ್ತ ಸ್ನಾಯುಗಳ ನಡುವೆ, ಅನ್ನನಾಳದ ಹಿಂದೆ ನಿಂತು, ಹಿಸುಕಿದ ಗಾಯದಂತೆ ಕಾಣುತ್ತದೆ. 1951ರಲ್ಲೇ ದಕ್ಷಿಣ ಆಫ್ರಿಕಾದ ವೈದ್ಯರಾದ ಪ್ರಿನ್ಸ್‌ಲೂ ಮತ್ತು ಗಾರ್ಡನ್ ಈ ಮೋಸವನ್ನು ವಿವರಿಸಿದ್ದಾರೆ. ಆತುರದಲ್ಲಿ ಈಗಲೂ ಆಗುತ್ತಿರುತ್ತದೆ.

ನಾಲಿಗೆಯ ಬುಡದಲ್ಲಿರುವ ಹಯಾಯ್ಡ್ ಮೂಳೆ ಮುರಿದಿದ್ದರೆ ಕೊಲೆ, ಇಲ್ಲದಿದ್ದರೆ ನೇಣು ಎಂಬ ಲೆಕ್ಕ ತಪ್ಪು. ಎಳೆಯರಲ್ಲಿ ಅದರ ಕೊಂಬುಗಳು ಇನ್ನೂ ಕೂಡಿಕೊಂಡಿರುವುದಿಲ್ಲ, ಆ ಸಂದಿನ ಅಲುಗಾಟವನ್ನೇ ಮುರಿತ ಅಂದುಕೊಳ್ಳುವವರಿದ್ದಾರೆ. ನಲವತ್ತು ದಾಟಿದವರಲ್ಲಿ ನೇಣಿನಲ್ಲೂ ಮುರಿಯಬಹುದು. ಜೀವ ಇದ್ದಾಗ ಮುರಿದದ್ದೇ ಎಂದು ತಿಳಿಯಲು, ಮುರಿದ ತುದಿಯ ಸುತ್ತ ರಕ್ತ ಇಳಿದಿದೆಯೇ ಎಂಬುದು ಮುಖ್ಯ. ಆ ತುಣುಕನ್ನು ಫಾರ್ಮಲಿನ್‌ನಲ್ಲಿಟ್ಟು ಸೂಕ್ಷ್ಮದರ್ಶಕ ಪರೀಕ್ಷೆಗೆ ಕಳಿಸುತ್ತೇನೆ. ಒಳಾಂಗಗಳು ವಿಷದ ಪರೀಕ್ಷೆಗೆ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ. ಎರಡೂ ವರದಿ ಬರುವವರೆಗೆ ಅಭಿಪ್ರಾಯದ ಜಾಗದಲ್ಲಿ ‘ಕಾಯ್ದಿರಿಸಲಾಗಿದೆ’ ಅಂತಲೇ ಬರೆಯುತ್ತೇನೆ, ಠಾಣೆಯಿಂದ ಎಷ್ಟು ಫೋನ್ ಬಂದರೂ.