ಸೆರಮೈಡ್ ನಕ್ಷೆ ಬಿಡಿಸುವುದು ಹೇಗೆ?

ಗೋಶೆ, ನೀಮನ್-ಪಿಕ್, ಫಾರ್ಬರ್. ಈ ಅಪರೂಪದ ಆನುವಂಶಿಕ ಕಾಯಿಲೆಗಳ ಹೆಸರನ್ನು ಉರುಹೊಡೆದರೆ ವಾರದಲ್ಲಿ ಮರೆತುಹೋಗುತ್ತದೆ. ಹಾಳೆ, ಪೆನ್ಸಿಲ್, ಕೆಂಪು ಪೆನ್ನು ಹಿಡಿದು ಕೂತರೆ ಮೂರೂ ಒಂದೇ ಚಿತ್ರದೊಳಗೆ ಬರುತ್ತವೆ.

ಮೊದಲು ನಟ್ಟನಡುವೆ ಸೆರಮೈಡ್ ಎಂಬ ಲಿಪಿಡ್ (ಕೊಬ್ಬಿನ ಜಾತಿಯ ಅಣು) ಬಿಡಿಸಿ. ಸ್ಫಿಂಗೋಸೀನ್ ಎಂಬ ಉದ್ದ ಸರಪಳಿಗೆ ಒಂದು ಕೊಬ್ಬಿನಾಮ್ಲ ಕೂಡಿದರೆ ಸೆರಮೈಡ್; ಎರಡು ಬಾಲದ ಗಾಳಿಪಟ ಬರೆದರೂ ನಡೆಯುತ್ತದೆ. ಮಿದುಳಿನ ರಾಸಾಯನಿಕಗಳನ್ನು ಕೆದಕಿದ ಥುಡಿಕುಮ್ 1884ರಲ್ಲಿ ಸ್ಫಿಂಗೋಸೀನ್‌ಗೆ ಈ ಹೆಸರಿಟ್ಟದ್ದು ಗ್ರೀಕ್ ಪುರಾಣದಲ್ಲಿ ಒಗಟು ಹಾಕುವ ಸ್ಫಿಂಕ್ಸ್ ನೆನಪಿಗೆ. ಒಗಟು ಪೂರ್ತಿ ಬಿಡಿಸಿದ್ದೇವೆ ಅನ್ನುವಂತೆ ಈಗಲೂ ಇಲ್ಲ.

ಆಮೇಲೆ ಮೂರು ಬಾಣ ಎಳೆಯಿರಿ. ಫಾಸ್ಫೊಕೋಲಿನ್ ಅಂಟಿದರೆ ಸ್ಫಿಂಗೋಮಯಲಿನ್, ಜೀವಕೋಶದ ಪೊರೆಯಲ್ಲೂ ನರತಂತುವಿನ ಹೊದಿಕೆಯಲ್ಲೂ ಇರುವಂಥದ್ದು. ಗ್ಲೂಕೋಸ್ ಸೇರಿದರೆ ಗ್ಲೂಕೋಸಿಲ್‌ಸೆರಮೈಡ್. ಕೊಬ್ಬಿನಾಮ್ಲ ಕಳಚಿದರೆ ಮತ್ತೆ ಸ್ಫಿಂಗೋಸೀನ್. ಮೊದಲ ಎರಡರಿಂದ ಸೆರಮೈಡ್‌ಗೆ ವಾಪಸ್ ಬಾಣವನ್ನೂ ಹಾಕಿ. ಹಳೆಯ ಲಿಪಿಡ್ ಬಿಚ್ಚುವ ಈ ಕೆಲಸ ಲೈಸೋಸೋಮ್ ಎಂಬ ಪುಟ್ಟ ಚೀಲದಲ್ಲಿ ನಡೆಯುತ್ತದೆ, ಬಾಣಕ್ಕೊಂದು ಕಿಣ್ವ.

ಈಗ ಕೆಂಪು ಪೆನ್ನು. ಬಾಣ ಕಡಿಯುವುದೆಂದರೆ ಅದರ ಕಿಣ್ವ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದರ್ಥ. ಗ್ಲೂಕೋಸಿಲ್‌ಸೆರಮೈಡ್‌ನ ವಾಪಸ್ ಬಾಣ ಕಡಿಯಿರಿ: ಇದು ಗೋಶೆ. ಮುದಿ ರಕ್ತಕಣಗಳನ್ನು ನುಂಗುವ ಮ್ಯಾಕ್ರೊಫೇಜ್‌ಗಳು ಅವುಗಳ ಲಿಪಿಡ್ ಅರಗಿಸಲಾಗದೆ ಉಬ್ಬುತ್ತವೆ. ಸೂಕ್ಷ್ಮದರ್ಶಕದಡಿ ಅವುಗಳ ಒಡಲು ಮುದುಡಿದ ತೆಳು ಕಾಗದದಂತೆ ಕಾಣುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಅವು ಗುಲ್ಮ, ಯಕೃತ್ತು, ಮೂಳೆ ಮಜ್ಜೆಯಲ್ಲಿ ತುಂಬಿಕೊಂಡಾಗ ಹೊಟ್ಟೆ ಊದುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ, ಮೂಳೆ ನೋಯುತ್ತದೆ. ಕೊರತೆಯ ಕಿಣ್ವವನ್ನೇ ಡ್ರಿಪ್‌ನಲ್ಲಿ ಕೊಡುವ ಚಿಕಿತ್ಸೆ 1991ರಿಂದ ಇದೆ. ಆ ಕಿಣ್ವದ ಜೀನ್‌ನ ಒಂದೇ ಪ್ರತಿ ಕೆಟ್ಟವರಿಗೆ ಗೋಶೆ ಬರುವುದಿಲ್ಲ, ಆದರೆ ಪಾರ್ಕಿನ್ಸನ್ ಅಪಾಯ ಹೆಚ್ಚು. ಹೆಚ್ಚಿನವರಿಗೆ ಅದೂ ಬರುವುದಿಲ್ಲ.

ಸ್ಫಿಂಗೋಮಯಲಿನ್‌ನ ಬಾಣ ಕಡಿದರೆ ನೀಮನ್-ಪಿಕ್ ಎ ಮತ್ತು ಬಿ. ಸಿ ವಿಧವನ್ನು ಇಲ್ಲಿ ಬರೆಯಬೇಡಿ. ಹೆಸರು ಒಂದೇ ಆದರೂ ಅದು ಕೊಲೆಸ್ಟರಾಲ್ ಸಾಗಣೆಯ ತೊಂದರೆ. ಸೆರಮೈಡ್‌ನಿಂದ ಸ್ಫಿಂಗೋಸೀನ್‌ಗೆ ಹೋಗುವ ಬಾಣ ಕಡಿದರೆ ಫಾರ್ಬರ್: ಗೊಗ್ಗರು ದನಿ, ಊದಿದ ಕೀಲು, ಚರ್ಮದಡಿ ಗಂಟು.

ಮೂಲೆಯಲ್ಲಿ ಚರ್ಮಕ್ಕೂ ಜಾಗ ಬಿಡಿ. ಅದರ ಹೊರಪದರದ ಲಿಪಿಡ್‌ನಲ್ಲಿ ತೂಕದ ಲೆಕ್ಕದಲ್ಲಿ ಹತ್ತಿರಹತ್ತಿರ ಅರ್ಧ ಸೆರಮೈಡ್. ಎಕ್ಸಿಮಾದಲ್ಲಿ ಅದು ಕಡಿಮೆಯಾಗಿ ನೀರು ಸೋರುತ್ತದೆ, ಚರ್ಮ ಬಿರಿಯುತ್ತದೆ.

ಕೊನೆಯದು ಸ್ನಾಯು ಮತ್ತು ಯಕೃತ್ತು. ಅಲ್ಲಿ ಸೆರಮೈಡ್ ಮಿತಿಮೀರಿದರೆ ಇನ್ಸುಲಿನ್‌ನ ಸಂದೇಶ ಒಳಗೆ ಸರಿಯಾಗಿ ಮುಟ್ಟುವುದಿಲ್ಲ. ಇಲ್ಲಿ ಬಾಣ ಕಡಿದಿಲ್ಲ, ಸರಕು ಹೆಚ್ಚಾಗಿದೆ. ಕೆಂಪು ಪೆನ್ನು ಬದಿಗಿಟ್ಟು ಪೆನ್ಸಿಲ್‌ನಲ್ಲೇ ಗಾಳಿಪಟವನ್ನು ದಪ್ಪಗೆ ತಿದ್ದಿ.