ಇಮ್ಯಾಜಿಕಾಕ್ಕೆ ಹೊರಡುವ ಮೊದಲು ಪಂಚಾಂಗ ನೋಡಿದೆ

ಥೀಮ್ ಪಾರ್ಕಿಗೆ ಹೋಗುವವರು ಮೊದಲು ರೈಡುಗಳ ಪಟ್ಟಿ ಮಾಡುತ್ತಾರೆ. ಮುಂಬೈ ಕಡೆಯ ಖೋಪೋಲಿ ಹತ್ತಿರ ಇರುವ ಇಮ್ಯಾಜಿಕಾ ಪಾರ್ಕಿಗೆ ಹೊರಟ ನಾನು ಮೊದಲು ಊಟದ ಹೊತ್ತು ಗೊತ್ತು ಮಾಡಿದೆ. ಮನೆಯವರೆಲ್ಲ ನಕ್ಕರು. ನಗಲಿ ಬಿಡಿ, ಆದರೆ ನಮ್ಮ ದಂಡು ಹೇಗಿತ್ತು ಅಂತ ಕೇಳಿ. ಡೊಂಬಿವಲಿಯಿಂದ ನಾನು, ಇವರು, ನಮ್ಮ ಮಗಳು. ಜೊತೆಗೆ ಸಕ್ಕರೆ ಕಾಯಿಲೆ ಇರುವ ಅತ್ತೆ. ಉಡುಪಿಯಿಂದ ಮತ್ಸ್ಯಗಂಧ ರೈಲಿನಲ್ಲಿ ಬಂದಿಳಿದ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು. ಅತ್ತೆಗೆ ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಭಾವ ಅಪ್ಪಟ ಸಸ್ಯಾಹಾರಿ, ಏಕಾದಶಿ ದಿನ ಅನ್ನ ಮುಟ್ಟುವುದಿಲ್ಲ. ಅಕ್ಕನ ಮಗನಿಗೆ ವ್ಯಾನ್ ನಾಲ್ಕು ತಿರುವು ತಿರುಗಿದರೆ ಸಾಕು, ವಾಂತಿ. ಇಂಥ ದಂಡನ್ನು ಕಟ್ಟಿಕೊಂಡು ದಿನವಿಡೀ ಪಾರ್ಕ್ ಸುತ್ತಬೇಕೆಂದರೆ ರೈಡಿಗಿಂತ ಮೊದಲು ಹೊಟ್ಟೆಯ ಲೆಕ್ಕ ಹಾಕಬೇಕು, ಅಲ್ವಾ?

ದಿನ ಆರಿಸುವಾಗಲೇ ಪಂಚಾಂಗ ತೆಗೆದೆ. "ಎಂತ ಮಾರಾಯ್ತಿ, ಜಾಯಿಂಟ್ ವೀಲಿಗೂ ಮುಹೂರ್ತವಾ?" ಅಂತ ಅಕ್ಕ ಫೋನಿನಲ್ಲೇ ಶುರು ಮಾಡಿದಳು. ಮುಹೂರ್ತ ಅಲ್ಲ. ಏಕಾದಶಿ ಬಿದ್ದರೆ ಭಾವನ ಊಟದ ದುಡ್ಡು ದಂಡ. ಸಂಕಷ್ಟಿ ಬಿದ್ದರೆ ಅತ್ತೆಗೆ ಚಂದ್ರ ಕಾಣುವ ತನಕ ಉಪವಾಸ. ಡಾಕ್ಟರು ಬೇಡ ಅಂದರೂ ಅವರು ಬಿಡುವವರಲ್ಲ. ಅದೂ ಅಲ್ಲದೆ ಖೋಪೋಲಿ ಕಡೆ ಹೋಗುವುದಾದರೆ ಮಹಡದ ವರದವಿನಾಯಕನ ದರ್ಶನ ಆಗಲೇಬೇಕು ಅಂತ ಅವರು ಮೊದಲೇ ಹೇಳಿಟ್ಟಿದ್ದರು. ಅಷ್ಟವಿನಾಯಕರಲ್ಲಿ ಒಬ್ಬ ಅವನು. ಸಂಕಷ್ಟಿ ದಿನ ಅಲ್ಲಿ ಕ್ಯೂ ಹೇಗಿರುತ್ತದೆ ಅಂತ ಮುಂಬೈಯವರಿಗೆ ಹೇಳಬೇಕಾಗಿಲ್ಲ. ಮಂಗಳವಾರದ ಅಂಗಾರಕಿಯಂತೂ ಕೇಳಲೇ ಬೇಡಿ.

ಆಮೇಲೆ ಶಾಲೆಯ ಲೆಕ್ಕ. ಇದು ಎರಡು ರಾಜ್ಯದಲ್ಲಿ ನೆಂಟರಿರುವವರಿಗೆ ಮಾತ್ರ ಸಿಗುವ ಅನುಕೂಲ. ಕರ್ನಾಟಕದಲ್ಲಿ ದಸರಾಕ್ಕೆ ಉದ್ದ ರಜೆ. ಮಹಾರಾಷ್ಟ್ರದ ಶಾಲೆಗಳಿಗೆ ಉದ್ದ ರಜೆ ದೀಪಾವಳಿಗೆ. ಅಂದರೆ ದಸರಾ ರಜೆಯಲ್ಲಿ ಅಕ್ಕನ ಮಕ್ಕಳು ಬಿಡುವಾಗಿದ್ದರೆ ಇಲ್ಲಿನ ಮಕ್ಕಳು ಕ್ಲಾಸಿನಲ್ಲಿ ಕೂತಿರುತ್ತಾರೆ. ಆ ನಡುವಿನ ಒಂದು ಬುಧವಾರ ಹಿಡಿದೆವು. ನಮ್ಮ ಮಗಳಿಗೆ ಒಂದು ದಿನ ರಜಾ ಚೀಟಿ ಬರೆದೆ, ಅಷ್ಟೇ. ನವೆಂಬರ್, ಡಿಸೆಂಬರ್ ಬಂತೆಂದರೆ ಶಾಲೆಗಳ ಪಿಕ್ನಿಕ್ ಬಸ್ಸುಗಳು ಸಾಲುಗಟ್ಟುತ್ತವೆ, ಆಗ ವಾರದ ದಿನ ಅಂತ ನಂಬಿ ಹೋಗುವ ಹಾಗಿಲ್ಲ. ಜುಲೈಯಲ್ಲಿ ಘಾಟಿಯ ಬುಡದ ಮಳೆ ಬೇರೆಯೇ ಲೋಕ. ಹಸಿರು ಕಣ್ಣಿಗೆ ಹಬ್ಬ ನಿಜ, ಆದರೆ ಜೋರು ಮಳೆ, ಗುಡುಗು ಬಂದರೆ ಬಯಲಿನ ರೈಡುಗಳನ್ನು ನಿಲ್ಲಿಸುತ್ತಾರೆ. ಅಕ್ಟೋಬರಿಗೆ ಇರುವ ಕೊರತೆ ಒಂದೇ, ಸೆಕೆ. ಅದಕ್ಕೂ ಒಂದು ಉಪಾಯ ಇದೆ, ಮುಂದೆ ಹೇಳುತ್ತೇನೆ.

ಮಕ್ಕಳಿಗೆ ವಾಟರ್ ಪಾರ್ಕ್ ಕೂಡ ಬೇಕಿತ್ತು. ಅದು ಪಕ್ಕದಲ್ಲೇ ಇದೆ, ಗ್ರೀಸಿನ ದ್ವೀಪದ ಹಾಗೆ ನೀಲಿ ಬಿಳಿ ಬಣ್ಣ ಹೊಡೆದು ಮಾಡಿದ್ದು. ಟಿಕೆಟ್ ಬೇರೆ. ಒಂದೇ ದಿನ ಎರಡೂ ಬೇಡ ಅಂತ ನಾನು ಖಡಾಖಂಡಿತ ಹೇಳಿದೆ. ನೀರಿಗೆ ಇಳಿಯಲು ನೈಲಾನ್ ಅಥವಾ ಲೈಕ್ರಾ ಬಟ್ಟೆಯೇ ಆಗಬೇಕು, ಹತ್ತಿ ಬಟ್ಟೆ ನಡೆಯುವುದಿಲ್ಲ. ಬಟ್ಟೆ ಬದಲಿಸುವುದು, ಲಾಕರ್, ತಲೆ ಒರೆಸುವುದು ಅಂತ ಅರ್ಧ ದಿನ ಅದರಲ್ಲೇ ಹೋಗುತ್ತದೆ. ನೀರಾಟ ಒಂದೇ ಸಾಕು ಅನ್ನುವವರಿಗೆ ಗೋರಾಯಿಯ ವಾಟರ್ ಕಿಂಗ್‌ಡಮ್ ಇದ್ದೇ ಇದೆ. ಅದರ ಪಕ್ಕದಲ್ಲಿ 1989ರಲ್ಲಿ ಶುರುವಾದ ಎಸ್ಸೆಲ್ ವರ್ಲ್ಡ್ ಈಗ ಮುಚ್ಚಿದೆ. ಹಾಗಾಗಿ ದೊಡ್ಡ ರೈಡುಗಳೇ ಬೇಕೆಂದರೆ ಮುಂಬೈಯವರು ಖೋಪೋಲಿ ದಾರಿ ಹಿಡಿಯುತ್ತಾರೆ.

ಟಿಕೆಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆನ್‌ಲೈನಿನಲ್ಲಿ ತಾರೀಕು ಹಾಕಿ ತೆಗೆದುಕೊಳ್ಳುವುದು. ಕ್ಯೂ ತಪ್ಪಿಸುವ ಎಕ್ಸ್‌ಪ್ರೆಸ್ ಟಿಕೆಟ್ ಅಂತ ಒಂದಿದೆ. ಶನಿವಾರ, ಭಾನುವಾರ ಹೋಗುವವರು ಅದನ್ನು ಯೋಚಿಸಲಿ. ದಸರಾ ಸಮಯದ ಬುಧವಾರಕ್ಕೆ ಅದು ಬೇಡ ಅಂತ ನನಗನಿಸಿತು, ತೆಗೆದುಕೊಳ್ಳಲಿಲ್ಲ.

ಎತ್ತರದ ವಿಷಯ ಮಾತ್ರ ಮರೆಯಬೇಡಿ. ದೊಡ್ಡ ರೈಡುಗಳಿಗೆ ಇಷ್ಟು ಎತ್ತರ ಇರಲೇಬೇಕು ಅಂತ ನಿಯಮ ಇದೆ. ಪಾರ್ಕಿನ ಪಟ್ಟಿ ನೋಡಿ, ಹಿಂದಿನ ರಾತ್ರಿಯೇ ಮೂರೂ ಮಕ್ಕಳನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದೆ. ಚಪ್ಪಲಿ ತೆಗೆಸಿ, ತಲೆಯ ಮೇಲೆ ಒಂದು ಪುಸ್ತಕ ಇಟ್ಟು, ಪೆನ್ಸಿಲ್ ಗೆರೆ ಎಳೆದು, ಹೊಲಿಗೆಯ ಟೇಪಿನಲ್ಲಿ ಅಳೆದೆ. ಅಕ್ಕನ ಮಗ ಹಿಮ್ಮಡಿ ಎತ್ತಿ ನಿಂತಿದ್ದ. ನನ್ನ ಮಗಳು ಕೂಡಲೇ ದೂರು ಕೊಟ್ಟಳು. ಅವನು ನೈಟ್ರೋ ಅನ್ನುವ ದೊಡ್ಡ ರೋಲರ್ ಕೋಸ್ಟರ್ ಹತ್ತುವ ಹಾಗಿಲ್ಲ ಅಂತ ಅಲ್ಲೇ ಗೊತ್ತಾಯಿತು. ಅತ್ತ. ಮನೆಯಲ್ಲಿ ಅತ್ತರೆ ಪರವಾಗಿಲ್ಲ, ಒಂದು ಬಾಳೆಹಣ್ಣಿನಲ್ಲಿ ಮುಗಿಯುತ್ತದೆ. ಬಿಸಿಲಲ್ಲಿ ಕ್ಯೂ ನಿಂತು, ಗೇಟಿನ ಬಾಯಲ್ಲಿ ವಾಪಸ್ ಕಳಿಸಿದರೆ ಆ ಅಳುವನ್ನು ಯಾರು ಸುಧಾರಿಸುತ್ತಾರೆ?

ಬೆಳಿಗ್ಗೆ ಆರಕ್ಕೆ ಮುಂಚೆ ಟೆಂಪೋ ಟ್ರಾವೆಲರ್ ಹೊರಟಿತು. ತಡವಾದರೆ ಶಿಲ್‌ಫಾಟಾದಲ್ಲಿ ಟ್ರಕ್ಕುಗಳ ನಡುವೆ ಸಿಕ್ಕಿಬೀಳುತ್ತೇವೆ ಅಂತ ಡೊಂಬಿವಲಿಯವರಿಗೆಲ್ಲ ಗೊತ್ತು. ಪನ್ವೇಲ್ ದಾಟಿ ಮುಂದೆ ಹೋದರೆ ಖೋಪೋಲಿ ಸಿಗುವುದು ಘಾಟಿ ಹತ್ತುವ ಮುಂಚೆಯೇ. ಲೋಣಾವಳದ ತಿರುವುಗಳ ಕಾಟ ಇಲ್ಲ. ಅಕ್ಕನ ಮಗನ ಹೊಟ್ಟೆ ಉಳಿದದ್ದು ಇದರಿಂದಲೇ. ಮಹಡ ಇರುವುದೂ ಖೋಪೋಲಿಯ ಹತ್ತಿರವೇ. ಫೋನಿನ ಮ್ಯಾಪಿನಲ್ಲಿ ಹಾಕುವಾಗ ಮಾತ್ರ ಹುಷಾರು, ಗೋವಾ ಹೈವೇಯಲ್ಲಿ ಮಹಾಡ್ ಅಂತ ಇನ್ನೊಂದು ಊರಿದೆ. ವರದವಿನಾಯಕ ಅಂತ ದೇವರ ಹೆಸರನ್ನೇ ಹಾಕಿ.

ದೇವಸ್ಥಾನವನ್ನು ಬೆಳಿಗ್ಗೆಗೇ ಇಟ್ಟದ್ದಕ್ಕೆ ಭಕ್ತಿಯಷ್ಟೇ ಕಾರಣ ಅಲ್ಲ. ದರ್ಶನ ಆಗದೆ ಅತ್ತೆ ಏನೂ ತಿನ್ನುವುದಿಲ್ಲ. ಸಂಜೆಗೆ ಇಟ್ಟಿದ್ದರೆ ಇಡೀ ದಿನದ ಲೆಕ್ಕ ತಲೆಕೆಳಗಾಗುತ್ತಿತ್ತು. ಎಂಟಕ್ಕೆ ಮುಂಚೆ ದರ್ಶನ ಆಯಿತು. 1892ರಿಂದ ಆರದೆ ಉರಿಯುತ್ತಿದೆ ಎನ್ನುವ ನಂದಾದೀಪಕ್ಕೆ ಕೈಮುಗಿದು ಬಂದು, ಅಲ್ಲೇ ವ್ಯಾನಿನ ನೆರಳಲ್ಲಿ ತಿಂಡಿಯ ಡಬ್ಬ ತೆಗೆದೆವು.

ತಿಂಡಿ ಇಡ್ಲಿಯೇ. ಆದರೆ ತೆಂಗಿನಕಾಯಿ ಚಟ್ನಿ ಇಲ್ಲ. ಮುಂಬೈ ಸೆಕೆಗೆ ಡಬ್ಬದೊಳಗೆ ಅದು ಎಷ್ಟು ಹೊತ್ತು ನಿಲ್ಲುತ್ತದೆ ಹೇಳಿ. ರಾತ್ರಿಯೇ ಇಡ್ಲಿ ಬೇಯಿಸಿ, ಪೂರ್ತಿ ಆರಲು ಬಿಟ್ಟೆ. ಬಿಸಿ ಇರುವಾಗಲೇ ಮುಚ್ಚಿದರೆ ಬೆವರಿ ಲೋಳೆಯಾಗುತ್ತದೆ. ಬೆಳಿಗ್ಗೆ ಎದ್ದು ಪ್ರತಿ ಇಡ್ಲಿಗೂ ಎರಡು ಬದಿಗೆ ತೆಂಗಿನೆಣ್ಣೆ ಸವರಿ, ಚಟ್ನಿಪುಡಿಯಲ್ಲಿ ಹೊರಳಿಸಿ, ಬಾಳೆಲೆ ಹಾಸಿದ ಡಬ್ಬದಲ್ಲಿ ಜೋಡಿಸಿದೆ. ಅಕ್ಕನ ಮಗನಿಗೆ ಮಾತ್ರ ಎಣ್ಣೆ ಇಲ್ಲದ ಎರಡು ಇಡ್ಲಿ, ಚೂರು ಸಕ್ಕರೆ. ಹೊರಗಿನ ತಿಂಡಿಯನ್ನು ಪಾರ್ಕಿನೊಳಗೆ ಬಿಡುವುದಿಲ್ಲ. ಹಾಗಾಗಿ ಇಲ್ಲಿ ಎಲ್ಲರೂ ಗಟ್ಟಿಯಾಗಿ ತಿನ್ನಬೇಕು ಅಂತ ಆಜ್ಞೆಯಾಗಿತ್ತು. ಅತ್ತೆಯ ಮಾತ್ರೆ, ಗ್ಲೂಕೋಸ್ ಪುಡಿ, ಡಾಕ್ಟರ ಚೀಟಿ ಮಾತ್ರ ನನ್ನ ಕೈಚೀಲದಲ್ಲಿ ಬೇರೆಯೇ ಇದ್ದವು.

ಈಗ ಮಧ್ಯಾಹ್ನದ ಊಟ. ನನ್ನ ಇಡೀ ಯೋಜನೆ ನಿಂತದ್ದು ಇದರ ಮೇಲೆ. ಒಂದರಿಂದ ಎರಡೂವರೆ ತನಕ ಎಲ್ಲರಿಗೂ ಒಟ್ಟಿಗೆ ಹಸಿವಾಗುತ್ತದೆ. ಎಂಥ ಪಾರ್ಕ್ ಆದರೂ ಆ ಹೊತ್ತಿನಲ್ಲಿ ಊಟದ ಕ್ಯೂ ಉದ್ದ, ರೈಡಿನ ಕ್ಯೂ ಗಿಡ್ಡ. ನಾವು ಹನ್ನೆರಡೂಕಾಲಿಗೆ ಉಣ್ಣುವುದು, ಊರಿಗೆಲ್ಲ ಹಸಿವಾದಾಗ ನಾವು ರೈಡಿನ ಸಾಲಿನಲ್ಲಿ ಇರುವುದು. ಅತ್ತೆಯ ಮಾತ್ರೆ ಊಟಕ್ಕೆ ಮುಂಚೆ ನುಂಗುವಂಥದ್ದು. ಗಡಿಯಾರ ನೋಡಿ ನುಂಗಿ, ಆಮೇಲೆ ಊಟಕ್ಕೆ ಮುಕ್ಕಾಲು ಗಂಟೆ ನಿಂತರೆ ಸಕ್ಕರೆ ಇಳಿದು ಬೆವರು, ನಡುಕ ಶುರುವಾಗುತ್ತದೆ. ಊಟ ಖಾತ್ರಿಯಾಗಿ, ಮೇಜು ಹಿಡಿದು ಕೂತ ಮೇಲೆಯೇ ಮಾತ್ರೆ. ಇದನ್ನು ಅವರ ಡಾಕ್ಟರ ಹತ್ತಿರ ಮೊದಲೇ ಕೇಳಿಕೊಂಡಿದ್ದೆ.

ಬುಕಿಂಗ್ ಮಾಡುವಾಗ ಟಿಕೆಟ್ ಜೊತೆ ಊಟವೂ ಸೇರಿದ ಕಾಂಬೋ ಕಣ್ಣಿಗೆ ಬೀಳುತ್ತದೆ. ಎಲ್ಲರಿಗೂ ಅದನ್ನೇ ಒತ್ತುವುದು ಸುಲಭ. ನಾನು ಒಬ್ಬೊಬ್ಬರ ಹೊಟ್ಟೆ ನೋಡಿ ತೆಗೆದೆ. ಬಫೆ ಅಂದರೆ ಭಾವ ನ್ಯಾಯ ಒದಗಿಸುತ್ತಾರೆ. ಅತ್ತೆಗೂ ಅದೇ ಸರಿ. ಅವರು ಉಣ್ಣುವುದು ಎರಡು ಸೌಟು, ಆದರೆ ಆ ಎರಡು ಸೌಟು ಅನ್ನ, ದಾಲ್, ಮೊಸರೇ ಆಗಿರಬೇಕು, ಮತ್ತು ಕಾಯದೆ ಸಿಗಬೇಕು. ಮಕ್ಕಳಿಗೆ ಬಫೆ ತೆಗೆದರೆ ಫ್ರೈಸ್ ತಿಂದು, ಕೇಕ್ ನೆಕ್ಕಿ ಎದ್ದು ಬಿಡುತ್ತಾರೆ. ಹಾಗಾಗಿ ಊಟಕ್ಕೆ ನಾವು ಎರಡು ಗುಂಪಾದೆವು. ದೊಡ್ಡವರು ಬಫೆ ಇರುವ ಇಮ್ಯಾಜಿಕಾ ಕ್ಯಾಪಿಟಲ್‌ಗೆ. ಮಕ್ಕಳನ್ನು ಕರೆದುಕೊಂಡು ಇವರು ರೆಡ್ ಬಾನೆಟ್‌ಗೆ. ಅದು ಅಮೆರಿಕದ ಡೈನರ್ ಮಾದರಿಯ ಹೋಟೆಲು, ಬರ್ಗರ್ ತಿನ್ನುವವರ ಜಾಗ. ಇಡೀ ಕುಟುಂಬ ಒಂದೇ ಮೇಜಿನಲ್ಲಿ ಕೂರಬೇಕು ಅನ್ನುವ ಹಟ ಮನೆಯಲ್ಲಿ ಚೆಂದ. ಪಾರ್ಕಿನಲ್ಲಿ ಅದರಿಂದ ಯಾರ ಹೊಟ್ಟೆಯೂ ಸರಿಯಾಗಿ ತುಂಬುವುದಿಲ್ಲ.

ಭಾವ ತಟ್ಟೆ ಹಿಡಿದು ಒಂದು ಸುತ್ತು ಹಾಕಿ ಬಂದರು. "ಸೌಟು ಬೇರೆ ಬೇರೆಯಾ ಅಂತ ಕೇಳಿದೆಯಾ?" ಅಂದರು.

"ಹೋದ ವಾರವೇ ಫೋನ್ ಮಾಡಿ ಕೇಳಿದ್ದೇನೆ ಭಾವ. ಸಸ್ಯಾಹಾರದ ಸಾಲು ಬೇರೆ. ನೀವು ಸುಮ್ನೆ ಉಣ್ಣಿ."

ಅವರು ಉಂಡರು. ಗುಲಾಬ್ ಜಾಮೂನಿನ ಹತ್ತಿರ ಎರಡನೇ ಸಲ ಹೋದಾಗ ಅತ್ತೆ ಆ ಕಡೆ ನೋಡಿದ್ದನ್ನು ನಾನೂ ನೋಡಿದೆ. ಏನೂ ಹೇಳಲಿಲ್ಲ. ಅವರೂ ಏಳಲಿಲ್ಲ.

ರೈಡುಗಳ ಸರದಿ ಊಟದ ಸುತ್ತ ತಾನಾಗಿಯೇ ಕೂತುಕೊಂಡಿತು. ತಲೆಕೆಳಗು ಮಾಡುವುದೆಲ್ಲ ಊಟಕ್ಕೆ ಮುಂಚೆ. ಗೇಟು ತೆರೆದ ಕೂಡಲೇ ಅಕ್ಕ ಮತ್ತು ಇವರು ನೈಟ್ರೋ ಕಡೆ ನಡೆದರು. ಸ್ವಿಟ್ಜರ್ಲೆಂಡಿನ ಕಂಪನಿ ಕಟ್ಟಿದ ಕೋಸ್ಟರ್ ಅದು. ಕಾಲ ಕೆಳಗೆ ನೆಲ ಇರುವುದಿಲ್ಲ, ಐದು ಸಲ ತಲೆಕೆಳಗಾಗುತ್ತದೆ. ಭಾವ ಅವಳ ಬಳೆ, ಕನ್ನಡಕ, ಬ್ಯಾಗ್ ಹಿಡಿದು ಕೆಳಗೆ ನಿಂತರು. ಇಳಿದು ಬಂದವಳ ಕೂದಲು ಕೆದರಿ, ಸ್ವರ ಕೂತಿತ್ತು. "ಇನ್ನೊಂದು ಸಲ ಹೋಗುವನಾ?" ಅಂದಳು. ಕ್ಯೂ ಇನ್ನೂ ಬೆಳೆದಿರಲಿಲ್ಲ, ಹೋಗಿ ಬಂದರು. ಕತ್ತಲೊಳಗೆ ಓಡುವ ಡೀಪ್ ಸ್ಪೇಸ್ ಕೂಡ ಆಗಲೇ ಮುಗಿಯಿತು. ಆ ಹೊತ್ತಿನಲ್ಲಿ ಅತ್ತೆ, ನಾನು, ಮಕ್ಕಳು ಕುದುರೆ ತಿರುಗಣೆಯ ಕಡೆ.

ಊಟ ಆದ ಮೇಲೆ ಎಸಿ ಇರುವ, ಕೂತು ನೋಡುವ ಆಟಗಳು. ಸೆಕೆಗೆ ಉಪಾಯ ಅಂದದ್ದು ಇದನ್ನೇ. ಬಿಸಿಲು ನೆತ್ತಿಗೇರಿದ ಎರಡು ಗಂಟೆ ಕಟ್ಟಡದೊಳಗೆ ಕಳೆದರೆ ಮುದುಕರೂ ಉಳಿಯುತ್ತಾರೆ, ಮಕ್ಕಳೂ ಉಳಿಯುತ್ತಾರೆ. ಒಂದು ವಿಷಯ ಮಾತ್ರ ನೆನಪಿಡಿ. ಕೂತು ನೋಡುವುದೆಲ್ಲ ಒಂದೇ ಅಲ್ಲ. ಮಿಸ್ಟರ್ ಇಂಡಿಯಾ ರೈಡಿನಲ್ಲಿ ಸೀಟೇ ಕುಲುಕುತ್ತದೆ. ಬರ್ಗರ್ ತಿಂದ ಅರ್ಧ ಗಂಟೆಗೆ ವಾಂತಿಯ ಮಗುವನ್ನು ಅಲ್ಲಿ ಕೂರಿಸುವುದು ಬೇಡ. ಸುತ್ತಲೂ ಪರದೆ ಇರುವ ಸಿನಿಮಾಕ್ಕೆ ಮೊದಲು ಕರೆದುಕೊಂಡು ಹೋದೆ. ದೇಶವನ್ನೇ ಮೇಲಿನಿಂದ ತೋರಿಸುವ ಐ ಫಾರ್ ಇಂಡಿಯಾ ಅದರ ನಂತರ. ಅತ್ತೆಗೆ ಇಡೀ ಪಾರ್ಕಿನಲ್ಲಿ ಹಿಡಿಸಿದ್ದು ಅದೊಂದೇ. ಕಾಲು ನೇತಾಡುವ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ ತೆರೆದು, ಆಮೇಲೆ ಮನೆಗೆ ಬರುವ ತನಕ ಅದನ್ನೇ ಹೇಳಿದರು. ಮೈ ಒದ್ದೆ ಮಾಡುವ ರಾಜಾಸಾರಸ್ ದೋಣಿಯನ್ನು ಮೂರೂವರೆಗೆ ಇಟ್ಟೆ. ಬಟ್ಟೆ ಒಣಗಲು ಬಿಸಿಲು ಬೇಕಲ್ಲ.

ಸಂಜೆಯ ತಿಂಡಿಗೆ ಮಕ್ಕಳ ಕೈಗೇ ದುಡ್ಡು ಕೊಟ್ಟೆ. ಪಾರ್ಕಿನೊಳಗೆ ದರ ಹೊರಗಿಗಿಂತ ಜಾಸ್ತಿ ಇರುವುದು ಸಹಜ. ಕಂಡಕಂಡದ್ದಕ್ಕೆ "ಅಮ್ಮ, ಅದು" "ಚಿಕ್ಕಮ್ಮ, ಇದು" ಅಂದರೆ ಚೀಲ ಖಾಲಿ. ಒಬ್ಬೊಬ್ಬರಿಗೆ ಇನ್ನೂರೈವತ್ತು. ಇಷ್ಟರಲ್ಲೇ ಏನು ಬೇಕೋ ತಿನ್ನಿ, ಉಳಿದರೆ ನಿಮ್ಮದೇ. ಕೂಡಲೇ ಮೂವರೂ ಶೆಟ್ಟರಾದರು. ಪಾಪ್‌ಕಾರ್ನ್ ದರ ನೋಡಿ, ಐಸ್‌ಕ್ರೀಮ್ ದರ ನೋಡಿ, ಒಂದು ಪಾಪ್‌ಕಾರ್ನ್ ತೆಗೆದು ಮೂರು ಪಾಲು ಮಾಡಿದರು. ಅಕ್ಕನ ಮಗಳಂತೂ ದುಡ್ಡು ಮುಟ್ಟಲೇ ಇಲ್ಲ, ತಮ್ಮನ ಪಾಲಿನಲ್ಲೇ ತಿಂದು ಮುಗಿಸಿದಳು.

ರಾತ್ರಿಯ ಊಟ ದಾರಿಯಲ್ಲಿ ಬೇಡ ಅಂತ ನಾನೇ ಹೇಳಿದ್ದೆ. ದಿನವಿಡೀ ಹೊರಗಿನದ್ದು ತಿಂದ ಹೊಟ್ಟೆಗೆ ಢಾಬಾದ ಪನೀರ್ ಬೇರೆ ಯಾಕೆ? ಹೊರಡುವ ಮುಂಚೆಯೇ ಸಾರು ಕುದಿಸಿ ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಬಂದ ಕೂಡಲೇ ಕುಕ್ಕರಿನಲ್ಲಿ ಅನ್ನ, ಸುಟ್ಟ ಹಪ್ಪಳ, ಮಿಡಿ ಉಪ್ಪಿನಕಾಯಿ. ಅತ್ತೆಗೆ ದಾರಿಯಲ್ಲಿ ಕೊಡಲು ಎರಡು ಮಾರಿ ಬಿಸ್ಕತ್ತು, ಒಂದು ಪೇರಳೆ ಹಣ್ಣು ವ್ಯಾನಿನಲ್ಲೇ ಇಟ್ಟಿದ್ದೆ.

ಹೆಚ್ಚಿನವರ ಯೋಜನೆಯಲ್ಲಿ ಬಿಟ್ಟುಹೋಗುವುದು ಡ್ರೈವರ ಊಟ. ನಾವು ಒಳಗೆ ಕುಣಿಯುವಾಗ ಆತ ಹೊರಗೆ ಇಡೀ ದಿನ ಕಾಯುತ್ತಾನೆ, ರಾತ್ರಿ ಎಂಟು ಜನರ ಜೀವ ಅವನ ಕೈಯಲ್ಲಿ. ಬೆಳಿಗ್ಗೆ ನಮ್ಮ ಜೊತೆಯೇ ಅವನಿಗೂ ಇಡ್ಲಿ ಕೊಟ್ಟೆವು. ಮಧ್ಯಾಹ್ನದ ಊಟದ ದುಡ್ಡನ್ನು ಗೇಟಿನಲ್ಲಿ ಇಳಿಯುವಾಗಲೇ ಕೈಗಿಟ್ಟು, ಖೋಪೋಲಿಗೆ ಹೋಗಿ ಉಂಡು, ಆಮೇಲೆ ಚೆನ್ನಾಗಿ ನಿದ್ದೆ ಮಾಡು, ಏಳರ ತನಕ ಫೋನ್ ಮಾಡುವುದಿಲ್ಲ ಅಂತ ಇವರು ಮರಾಠಿಯಲ್ಲಿ ಹೇಳಿದರು. ಏಳೂಕಾಲಿಗೆ ಫೋನ್ ಮಾಡಿದಾಗ ಮುಖ ತೊಳೆದು, ಚಹಾ ಕುಡಿದು, ಪಾರ್ಕಿಂಗಿನಲ್ಲಿ ತಯಾರಾಗಿ ನಿಂತಿದ್ದ. ಪನ್ವೇಲ್ ಬರುವಷ್ಟರಲ್ಲಿ ವ್ಯಾನಿನಲ್ಲಿ ಎಚ್ಚರ ಇದ್ದವರು ಅವನು ಮತ್ತು ಭಾವ ಇಬ್ಬರೇ. ಭಾವ ಅವನ ಪಕ್ಕದ ಸೀಟಿನಲ್ಲಿ ಕೂತು, ತಮಗೆ ಬರುವ ಅರೆಬರೆ ಹಿಂದಿಯಲ್ಲಿ, ಬಫೆಯಲ್ಲಿ ಏನೇನಿತ್ತು ಅಂತ ಒಂದೊಂದಾಗಿ ಹೇಳುತ್ತಿದ್ದರು.